ಪಾದದ ಗಂಟು ಮುರಿದಾಗ: ಆಪರೇಷನ್, ಪ್ಲಾಸ್ಟರ್ ಮತ್ತು ಪೂರ್ತಿ ಖರ್ಚಿನ ಲೆಕ್ಕ

ಪಾದ ತಿರುಚಿ ಬಿದ್ದವರಿಗೆ ಯೋಚಿಸಲು ಸಿಗುವ ಸಮಯ ಬಹಳ ಕಡಿಮೆ. ಎಕ್ಸ್‌ರೇ ಆಗುತ್ತದೆ, ಮುರಿತ ಕಾಣುತ್ತದೆ, ನೋವಿನ ಇಂಜೆಕ್ಷನ್ನಿನ ಮಂಪರು ಇಳಿಯುವ ಮೊದಲೇ ಮನೆಯವರ ಕೈಗೆ ಅಂದಾಜು ಖರ್ಚಿನ ಚೀಟಿ ಬರುತ್ತದೆ. ಪ್ಲಾಸ್ಟರ್ ಹಾಕಿದರೆ ಇಷ್ಟು, ಆಪರೇಷನ್ ಆದರೆ ಇಷ್ಟು, ಪ್ಲೇಟು ಇಂಥದ್ದಾದರೆ ಇನ್ನಷ್ಟು. ಚೀಟಿಯ ಕೊನೆಯ ಸಾಲು ನೋಡಿ ತೀರ್ಮಾನಕ್ಕೆ ಬರುವುದು ಸಹಜ. ಆದರೆ ಈ ಗಾಯದ ಮಟ್ಟಿಗೆ ಆ ಮೊತ್ತ ಅರ್ಧ ಲೆಕ್ಕ ಮಾತ್ರ.

ಉಳಿದರ್ಧ ಚೀಟಿಯಲ್ಲಿ ಇರುವುದೇ ಇಲ್ಲ. ಕಾಲೂರಲಾಗದೆ ಮನೆಯಲ್ಲಿ ಕುಳಿತ ವಾರಗಳ ಸಂಬಳ, ನೋಡಿಕೊಳ್ಳಲು ಕೆಲಸ ಬಿಟ್ಟು ಬಂದವರ ಸಂಬಳ, ಮೇಲಿಂದ ಮೇಲೆ ಡ್ರೆಸ್ಸಿಂಗ್ ಮತ್ತು ಎಕ್ಸ್‌ರೇಗೆ ಓಡಾಡಿದ ವಾಹನದ ಖರ್ಚು, ಗಾಯ ನಂಜಾದರೆ ಅದರ ಚಿಕಿತ್ಸೆ, ವರ್ಷದ ಮೇಲೆ ಸ್ಕ್ರೂ ತೆಗೆಸಲು ಮತ್ತೊಂದು ಆಪರೇಷನ್. ಮುರಿದವರು ದುಡಿಯುವ ವಯಸ್ಸಿನವರಾಗಿದ್ದರೆ ಇದೆಲ್ಲ ಸೇರಿ ಆಸ್ಪತ್ರೆಯ ಬಿಲ್ಲನ್ನೇ ಮೀರಿಸಬಹುದು. ಆದ್ದರಿಂದ ಇಲ್ಲಿ ಪ್ರತಿ ಆಯ್ಕೆಯನ್ನೂ ಒಂದೇ ಅಳತೆಗೋಲಿನಿಂದ ನೋಡುತ್ತೇನೆ: ಬಿದ್ದ ದಿನದಿಂದ ಹಿಡಿದು, ನಿಮ್ಮ ಕಾಲಲ್ಲೇ ನಡೆದು ಮತ್ತೆ ಕೆಲಸಕ್ಕೆ ಹೋಗುವ ದಿನದವರೆಗೆ ಒಟ್ಟು ಎಷ್ಟು ಹೋಗುತ್ತದೆ? ಅದರಾಚೆಗೆ ಮತ್ತೆ ಆಪರೇಷನ್ ಥಿಯೇಟರ್ ಹತ್ತುವ ಸಾಧ್ಯತೆ ಎಷ್ಟು?

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮೂಳೆ ಚರ್ಮ ಸೀಳಿ ಹೊರಬಂದಿದ್ದರೆ, ಪಾದ ತಣ್ಣಗಾಗಿದ್ದರೆ, ಬಣ್ಣ ಬದಲಾಗಿದ್ದರೆ, ಅಥವಾ ಕೀಲು ಜಾಗ ಬಿಟ್ಟು ಪಾದವೇ ಪಕ್ಕಕ್ಕೆ ತಿರುಗಿ ನಿಂತಿದ್ದರೆ ಖರ್ಚಿನ ಹೋಲಿಕೆಗೆ ಅದು ಸಮಯವಲ್ಲ. ಆಗ ತುರ್ತು ಚಿಕಿತ್ಸೆಯೇ ಮೊದಲು. ಮುಂದಿನ ಮಾತೆಲ್ಲ ಚರ್ಮ ಹರಿಯದ, ಯೋಚಿಸಲು ಒಂದೆರಡು ದಿನ ಸಿಗುವ ಮುರಿತಗಳಿಗೆ.

ಎಲ್ಲಕ್ಕಿಂತ ದೊಡ್ಡ ಮೊತ್ತ ನಿಂತಿರುವ ಪ್ರಶ್ನೆ

"ಎಷ್ಟು ಮೂಳೆ ಮುರಿದಿದೆ?" ಎಂದು ಎಲ್ಲರೂ ಕೇಳುತ್ತಾರೆ. ಕೇಳಬೇಕಾದದ್ದು "ಕೀಲು ಗಟ್ಟಿಯಾಗಿ ನಿಂತಿದೆಯೇ, ಸಡಿಲಾಗಿದೆಯೇ?" ಎಂದು. ಆಪರೇಷನ್ ಬೇಕೋ ಬೇಡವೋ ಎನ್ನುವುದು ಬಹುಪಾಲು ಈ ಒಂದು ಉತ್ತರದ ಮೇಲೆಯೇ ನಿಂತಿದೆ.

ಪಾದದ ಗಂಟನ್ನು ಒಂದು ಇಕ್ಕಳದಂತೆ ಕಲ್ಪಿಸಿಕೊಳ್ಳಿ. ಒಳಗಡೆ ಕಾಲಿನ ದಪ್ಪ ಮೂಳೆಯ ಗಿಣ್ಣು, ಹೊರಗಡೆ ತೆಳು ಮೂಳೆಯ ಗಿಣ್ಣು, ಎರಡರ ನಡುವೆ ಟೇಲಸ್ ಎಂಬ ಮೂಳೆ ಕಚ್ಚಿ ಕುಳಿತಿರುತ್ತದೆ. ಇಕ್ಕಳದ ಎರಡೂ ಬದಿಯನ್ನು ಗಟ್ಟಿ ಅಸ್ಥಿರಜ್ಜುಗಳು, ಅಂದರೆ ಮೂಳೆಗಳನ್ನು ಕಟ್ಟಿಹಿಡಿಯುವ ನಾರುಗಳು, ಬಿಗಿದಿರುತ್ತವೆ. ಹೊರಗಿನ ಗಿಣ್ಣು ಮಾತ್ರ ಮುರಿದು, ಒಳಬದಿಯ ಅಸ್ಥಿರಜ್ಜು ಉಳಿದಿದ್ದರೆ ಟೇಲಸ್ ಕದಲುವುದಿಲ್ಲ. ಅದು ಗಟ್ಟಿ ಮುರಿತ. ಎರಡೂ ಬದಿ ಹೋಗಿದ್ದರೆ ಟೇಲಸ್ ಪಕ್ಕಕ್ಕೆ ಜಾರುತ್ತದೆ. ಅದು ಸಡಿಲ ಮುರಿತ.

ಜಾರಿದರೆ ಏನಾಗುತ್ತದೆ ಎಂಬುದಕ್ಕೆ 1976ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಂದಿಗೂ ಉಲ್ಲೇಖವಾಗುತ್ತದೆ. ಟೇಲಸ್ ಹೊರಕ್ಕೆ ಬರೀ 1 ಮಿಲಿಮೀಟರ್ ಸರಿದರೂ ಕೀಲಿನ ಎರಡು ಮೇಲ್ಮೈಗಳು ಪರಸ್ಪರ ತಾಗುವ ಜಾಗ ಸರಾಸರಿ 42% ಕುಗ್ಗುತ್ತದೆ ಎಂದು ಅದು ತೋರಿಸಿತು. ಮೊದಲಿನ ಭಾರವನ್ನೇ ಅಷ್ಟು ಚಿಕ್ಕ ಜಾಗ ಹೊರಬೇಕು. ವರ್ಷಗಳು ಉರುಳಿದಂತೆ ಕೀಲು ಸವೆಯುತ್ತದೆ. ಮೊಣಕಾಲು, ಸೊಂಟದ ಸವೆತ ಹೆಚ್ಚಾಗಿ ವಯಸ್ಸಿನಿಂದ ಬಂದರೆ ಪಾದದ ಗಂಟಿನ ಸವೆತದಲ್ಲಿ ದೊಡ್ಡ ಪಾಲು ಹಳೆಯ ಪೆಟ್ಟಿನದು. ಸವೆದ ಕೀಲನ್ನು ಬೆಸೆಯುವ ಅಥವಾ ಬದಲಿಸುವ ಆಪರೇಷನ್ ಮೊದಲ ಆಪರೇಷನ್ನಿಗಿಂತ ಎಷ್ಟೋ ದುಬಾರಿ. ಅದಕ್ಕೇ ಸಡಿಲ ಮುರಿತವಿರುವ ಯುವಕರಿಗೆ, ಮಧ್ಯವಯಸ್ಕರಿಗೆ ಆಪರೇಷನ್ ಹೇಳಿದಾಗ ಅದು ಸುಮ್ಮನೆ ಬಿಲ್ಲು ಬೆಳೆಸುವ ಮಾತಲ್ಲ. ಅಲ್ಲಿ ಇಂದು ಉಳಿಸಿದ ಹಣ ಹತ್ತು ವರ್ಷದ ನಂತರ ಬಡ್ಡಿ ಸಮೇತ ಹೋಗುತ್ತದೆ.

ಗಟ್ಟಿ ಮುರಿತದ ಕಥೆಯೇ ಬೇರೆ. ವೈದ್ಯರು ಹೊರಗಿನ ಗಿಣ್ಣಿನ ಮುರಿತವನ್ನು ಅದರ ಎತ್ತರ ನೋಡಿ ವೆಬರ್ ಎ, ಬಿ, ಸಿ ಎಂದು ಕರೆಯುತ್ತಾರೆ. ಕೀಲಿನ ಮಟ್ಟದಲ್ಲೇ ಆಗುವ ಬಿ ಮುರಿತವೇ ಗೊಂದಲದ ಜಾಗ, ಏಕೆಂದರೆ ಅದು ಗಟ್ಟಿಯೂ ಇರಬಹುದು, ಸಡಿಲವೂ ಇರಬಹುದು. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಟೇಲಸ್ ಹೆಚ್ಚು ಸರಿಯದ ಬಿ ಮುರಿತದ 160 ಜನರನ್ನು ಎರಡು ಗುಂಪು ಮಾಡಿತು. ಒಂದು ಗುಂಪಿಗೆ ಆಪರೇಷನ್, ಇನ್ನೊಂದಕ್ಕೆ ಆಪರೇಷನ್ ಇಲ್ಲ. ನಡಿಗೆಯಲ್ಲಿ, ಬದುಕಿನ ಗುಣಮಟ್ಟದಲ್ಲಿ ಆಪರೇಷನ್ ಇಲ್ಲದವರು ಹಿಂದೆ ಬೀಳಲಿಲ್ಲ. ತೊಡಕು ಹೆಚ್ಚು ಕಂಡದ್ದು ಆಪರೇಷನ್ ಆದವರಲ್ಲೇ. ಫಿನ್‌ಲೆಂಡ್‌ನ ಊಲು ನಗರದ ವೈದ್ಯರು 2019ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಟ್ಟಿ ಬಿ ಮುರಿತದ 247 ಜನರಲ್ಲಿ ರೂಢಿಯ 6 ವಾರದ ಪ್ಲಾಸ್ಟರನ್ನು 3 ವಾರದ ಪ್ಲಾಸ್ಟರ್ ಅಥವಾ 3 ವಾರದ ಸಾದಾ ಆಧಾರಪಟ್ಟಿಯ ಜೊತೆ ಹೋಲಿಸಿದರು. ವರ್ಷದ ಕೊನೆಗೆ 3 ವಾರದವರೂ ಅಷ್ಟೇ ಚೆನ್ನಾಗಿದ್ದರು.

ಆಪರೇಷನ್ನೂ ಬೇಡ, ಆರು ವಾರದ ಪ್ಲಾಸ್ಟರೂ ಬೇಡ ಎಂದರೆ ಉಳಿಯುವ ಹಣ ಎಷ್ಟೆಂದು ನೀವೇ ಊಹಿಸಿ. ಅದನ್ನು ಪಡೆಯಲು ಬೇಕಾಗುವುದು ಒಂದು ಹೆಚ್ಚುವರಿ ಎಕ್ಸ್‌ರೇ. ಕಾಲ ಮೇಲೆ ಸ್ವಲ್ಪ ಭಾರ ಹಾಕಿಸಿ ನಿಲ್ಲಿಸಿ, ಅಥವಾ ಪಾದವನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿ ತೆಗೆಯುವ ಎಕ್ಸ್‌ರೇ ಅದು. ಟೇಲಸ್ ಜಾರುತ್ತದೋ ಇಲ್ಲವೋ ಅದರಲ್ಲಿ ಗೊತ್ತಾಗುತ್ತದೆ. ಹೊರಗಿನ ಗಿಣ್ಣು ಮಾತ್ರ ಮುರಿದಿದೆ ಎಂದು ಹೇಳಿ ನೇರ ಆಪರೇಷನ್ ದಿನಾಂಕ ಕೊಟ್ಟರೆ, "ಸಡಿಲ ಇದೆ ಎಂದು ಯಾವುದರಿಂದ ಗೊತ್ತಾಯಿತು ಡಾಕ್ಟರೇ?" ಎಂದು ಕೇಳುವುದರಲ್ಲಿ ಅವಿನಯವೇನೂ ಇಲ್ಲ. ಒಳ್ಳೆಯ ವೈದ್ಯರು ಎಕ್ಸ್‌ರೇ ತೋರಿಸಿಯೇ ಹೇಳುತ್ತಾರೆ.

ಅರವತ್ತು ದಾಟಿದವರಿಗೆ ಸಡಿಲ ಮುರಿತವಾದರೆ

ಇದು ನಿಜಕ್ಕೂ ಕಷ್ಟದ ಆಯ್ಕೆ. ವಯಸ್ಸಾದವರ ಮೂಳೆ ಮೆದು, ಸ್ಕ್ರೂ ಗಟ್ಟಿಯಾಗಿ ಹಿಡಿಯುವುದಿಲ್ಲ. ಚರ್ಮ ತೆಳು, ಹೊಲಿಗೆ ಬೇಗ ಮಾಯುವುದಿಲ್ಲ. ಆದರೆ ಬಿಟ್ಟರೆ ಕೀಲು ಜರುಗುತ್ತದೆ.

ಬ್ರಿಟನ್ನಿನಲ್ಲಿ ಇದಕ್ಕೆಂದೇ 60 ದಾಟಿದ 620 ಜನರ ಮೇಲೆ ದೊಡ್ಡ ಅಧ್ಯಯನ ನಡೆದು 2016ರಲ್ಲಿ ಫಲಿತಾಂಶ ಬಂತು. ಅರ್ಧ ಜನರಿಗೆ ಪ್ಲೇಟು ಸ್ಕ್ರೂ ಹಾಕಿದರು. ಇನ್ನರ್ಧ ಜನರಿಗೆ ಕಾಲಿನ ಆಕಾರಕ್ಕೆ ಒತ್ತಿ ಕೂರುವಂಥ, ಒಳಗೆ ಹತ್ತಿ ಬಹಳ ಕಡಿಮೆ ಇರುವ ಬಿಗಿ ಪ್ಲಾಸ್ಟರ್ ಹಾಕಿದರು. ಆರು ತಿಂಗಳಾದ ಮೇಲೆ ನಡಿಗೆ, ಮೆಟ್ಟಿಲು ಹತ್ತುವುದು, ನೋವು ಎಲ್ಲ ಸೇರಿಸಿ 100ಕ್ಕೆ ಅಂಕ ಕೊಟ್ಟರೆ ಆಪರೇಷನ್ ಗುಂಪಿಗೆ 66, ಪ್ಲಾಸ್ಟರ್ ಗುಂಪಿಗೆ 64.5. ಅಂದರೆ ಬದುಕಿಗೆ ವ್ಯತ್ಯಾಸವೇ ಇಲ್ಲ. ಗಾಯ ನಂಜಾಗುವುದು ಅಥವಾ ಬಾಯಿಬಿಡುವುದು ಆಪರೇಷನ್ ಗುಂಪಿನಲ್ಲಿ 10%, ಪ್ಲಾಸ್ಟರ್ ಗುಂಪಿನಲ್ಲಿ 1%. ಥಿಯೇಟರಿನಲ್ಲಿ ಕಳೆದ ಸಮಯ ಪ್ಲಾಸ್ಟರ್ ಗುಂಪಿನಲ್ಲಿ ತಲಾ ಸರಾಸರಿ 54 ನಿಮಿಷ ಕಡಿಮೆ. ಥಿಯೇಟರಿನ ಪ್ರತಿ ನಿಮಿಷಕ್ಕೂ ಅರಿವಳಿಕೆ ತಜ್ಞರು, ನರ್ಸುಗಳು, ಯಂತ್ರಗಳ ಬೆಲೆ ಇರುವುದರಿಂದ 54 ನಿಮಿಷ ಸಣ್ಣ ಉಳಿತಾಯವಲ್ಲ.

ಹಾಗಾದರೆ ಪ್ಲಾಸ್ಟರೇ ಸರಿ ಎಂದು ಎದ್ದುಬಿಡಬೇಡಿ. ಇದೇ ಅಧ್ಯಯನದ ಇನ್ನೆರಡು ಅಂಕಿಗಳನ್ನೂ ಓದಬೇಕು. ಪ್ಲಾಸ್ಟರಿನಿಂದ ಶುರು ಮಾಡಿದ 275 ಜನರಲ್ಲಿ 52 ಜನರಿಗೆ, ಅಂದರೆ ಸುಮಾರು 19% ಜನರಿಗೆ, ಮೂಳೆ ಜರುಗಿ ಕೊನೆಗೆ ಆಪರೇಷನ್ನನ್ನೇ ಮಾಡಬೇಕಾಯಿತು. ಹಾಗಾದರೆ ಎರಡೂ ಖರ್ಚು ಬೀಳುತ್ತದೆ. ಎಕ್ಸ್‌ರೇಯಲ್ಲಿ ಮೂಳೆ ಸೊಟ್ಟಗೆ ಕೂಡಿದ್ದು ಆಪರೇಷನ್ ಗುಂಪಿನಲ್ಲಿ 3%, ಪ್ಲಾಸ್ಟರ್ ಗುಂಪಿನಲ್ಲಿ 15%. ಮೂರು ವರ್ಷದ ನಂತರ ನೋಡಿದಾಗಲೂ ಎರಡೂ ಗುಂಪಿನ ನಡಿಗೆ ಸಮಸಮವೇ ಇತ್ತು ಎನ್ನುವುದು ಸಮಾಧಾನ. ಎಪ್ಪತ್ತರ ವಯಸ್ಸಿನಲ್ಲಿ ಅದು ಸಾಕು, ನಲವತ್ತರ ವಯಸ್ಸಿನಲ್ಲಿ ಸಾಲದು.

ಇನ್ನೊಂದು ಬಹು ಮುಖ್ಯ ವಿಷಯ: ಆ ಪ್ಲಾಸ್ಟರ್ ಡ್ರೆಸ್ಸಿಂಗ್ ಕೋಣೆಯಲ್ಲಿ ಹತ್ತು ನಿಮಿಷದಲ್ಲಿ ಸುತ್ತಿ ಕಳಿಸುವ ಪ್ಲಾಸ್ಟರ್ ಅಲ್ಲ. ಅರಿವಳಿಕೆ ಕೊಟ್ಟು, ಥಿಯೇಟರಿನಲ್ಲಿ, ಎಕ್ಸ್‌ರೇ ಯಂತ್ರದಡಿ ಮೂಳೆ ಕೂರಿಸಿ, ಅದಕ್ಕೇ ತರಬೇತಿ ಪಡೆದ ಸರ್ಜನ್ನರು ಹಾಕಿದ್ದು. ಹಾಗೆ ಹಾಕಬಲ್ಲವರು ನಿಮಗೆ ಸಿಗುವುದಿಲ್ಲವಾದರೆ ಈ ಅಂಕಿಗಳನ್ನು ಹಿಡಿದು ಪ್ಲಾಸ್ಟರ್ ಆರಿಸಿಕೊಳ್ಳಬಾರದು. ಸಿಗುತ್ತಾರೆ, ಮೊದಲ ಮೂರು ವಾರ ವಾರವಾರ ಎಕ್ಸ್‌ರೇಗೆ ಹೋಗಿಬರಲು ಆಗುತ್ತದೆ, ಜರುಗಿದರೆ ತಕ್ಷಣ ಆಪರೇಷನ್ ಮಾಡಿಸುವ ಸಿದ್ಧತೆ ಇದೆ ಎಂದಾದರೆ ಮಾತ್ರ ವಯಸ್ಸಾದವರಿಗೆ ಇದು ಒಳ್ಳೆಯ ದಾರಿ. ಗಟ್ಟಿ ಮನಸ್ಸು ಮಾಡಿ ಹೇಳುವುದಾದರೆ, ಚರ್ಮ ತೀರ ತೆಳುವಾಗಿರುವ ಎಪ್ಪತ್ತೈದರ ಅಜ್ಜಿಗೆ ನಾನು ಮೊದಲು ಪ್ಲಾಸ್ಟರಿನ ಕಡೆಗೇ ವಾಲುತ್ತೇನೆ. ಚುರುಕಾಗಿ ಓಡಾಡುವ ಅರವತ್ತೆರಡರ ವ್ಯಕ್ತಿಗೆ ಆಪರೇಷನ್ ಕಡೆಗೆ.

ಆಪರೇಷನ್ ಎಂದು ತೀರ್ಮಾನವಾಯಿತು, ಒಳಗೆ ಹಾಕುವುದೇನು?

ಇಲ್ಲಿಂದ ಚೀಟಿಯ ಮೊತ್ತ ಏರಿಳಿಯುವುದು ಇಂಪ್ಲಾಂಟಿನ, ಅಂದರೆ ಒಳಗೆ ಕೂರಿಸುವ ಸಾಧನದ ಮೇಲೆ.

ಹೊರಗಿನ ಗಿಣ್ಣಿಗೆ ಸಾಮಾನ್ಯವಾಗಿ ಪ್ಲೇಟು. ಸಾದಾ ಪ್ಲೇಟಿನಲ್ಲಿ ಸ್ಕ್ರೂ ಮೂಳೆಯನ್ನು ಕಚ್ಚಿ ಪ್ಲೇಟನ್ನು ಒತ್ತಿಹಿಡಿಯುತ್ತದೆ. ಲಾಕಿಂಗ್ ಪ್ಲೇಟಿನಲ್ಲಿ ಸ್ಕ್ರೂವಿನ ತಲೆಯೇ ಪ್ಲೇಟಿನ ತೂತಿಗೆ ತಿರುಪಿನಂತೆ ಕೂತು ಬಿಗಿಯಾಗುತ್ತದೆ. ಮೂಳೆ ಮೆದುವಾಗಿದ್ದರೂ ಸುಲಭಕ್ಕೆ ಕಳಚುವುದಿಲ್ಲ. ಬೆಲೆ ಸಾದಾ ಪ್ಲೇಟಿಗಿಂತ ಎಷ್ಟೋ ಪಟ್ಟು. ಮೂಳೆ ಗಟ್ಟಿಯಿರುವ, ಒಂದೇ ಕಡೆ ಓರೆಯಾಗಿ ಮುರಿದ ಮೂವತ್ತರ ವ್ಯಕ್ತಿಗೆ ಆ ಹೆಚ್ಚುವರಿ ಬೆಲೆಯಿಂದ ಸಿಗುವ ಲಾಭ ಕಾಣುವುದಿಲ್ಲ. ಮೂಳೆ ಸವೆದವರಿಗೆ, ಚೂರುಚೂರಾದ ಮುರಿತಕ್ಕೆ ಅರ್ಥವಿದೆ. "ಲಾಕಿಂಗ್ ಹಾಕೋಣ, ಅದೇ ಈಗಿನದು" ಎಂಬಷ್ಟೇ ಉತ್ತರ ಬಂದರೆ, ನಿಮ್ಮ ಮೂಳೆಗೆ ಅದು ಯಾಕೆ ಬೇಕು ಎಂದು ಮತ್ತೊಮ್ಮೆ ಕೇಳಿ.

ಚಿಕ್ಕ ಗೀರಿನ ಮೂಲಕ ಮೂಳೆಯ ಒಳಗೇ ತೂರಿಸುವ ರಾಡು ಇನ್ನೊಂದು ಆಯ್ಕೆ. ಅಂಗಡಿ ಬೆಲೆಯಲ್ಲಿ ರಾಡು ಪ್ಲೇಟಿಗಿಂತ ದುಬಾರಿ. ಎಡಿನ್‌ಬರೋದಲ್ಲಿ 65 ದಾಟಿದ 100 ಜನರಲ್ಲಿ ಎರಡನ್ನೂ ಹೋಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪ್ಲೇಟು ಹಾಕಿದವರಲ್ಲಿ 16% ಜನರ ಗಾಯ ನಂಜಾಯಿತು; ರಾಡು ಹಾಕಿದವರಲ್ಲಿ ಒಬ್ಬರಿಗೂ ಇಲ್ಲ. ವರ್ಷದ ಕೊನೆಗೆ ಎರಡೂ ಗುಂಪಿನ ನಡಿಗೆ ಒಂದೇ. ನಂಜಿನ ಚಿಕಿತ್ಸೆಯನ್ನೂ ಸೇರಿಸಿ ಪೂರ್ತಿ ಲೆಕ್ಕ ಹಾಕಿದಾಗ, ದುಬಾರಿ ರಾಡಿನ ಗುಂಪಿನ ಒಟ್ಟು ಖರ್ಚೇ ಸ್ವಲ್ಪ ಕಡಿಮೆ ಬಂತು. ಇಂಪ್ಲಾಂಟಿನ ಬೆಲೆಯನ್ನು ಮಾತ್ರ ನೋಡಿ ಆರಿಸಿದರೆ ಎಲ್ಲಿ ಎಡವುತ್ತೇವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆದರೆ ಇದು ವಯಸ್ಸಾದವರ, ಚರ್ಮ ಸೋತವರ ಲೆಕ್ಕ. ಆರೋಗ್ಯವಂತ ಯುವಕರಲ್ಲಿ ಪ್ಲೇಟಿನ ಗಾಯ ಅಷ್ಟು ಸುಲಭವಾಗಿ ನಂಜಾಗುವುದಿಲ್ಲವಾದ್ದರಿಂದ ಅವರಿಗೆ ತಕ್ಕಡಿ ಪ್ಲೇಟಿನ ಕಡೆಗೇ ತೂಗುತ್ತದೆ.

ಒಳಗಿನ ಗಿಣ್ಣಿಗೆ ಎರಡು ಸ್ಕ್ರೂ ಹಾಕುವುದು ರೂಢಿ. ಹೊರಗಿನ ಗಿಣ್ಣನ್ನು ಸರಿಯಾಗಿ ಕೂರಿಸಿದ ಮೇಲೆ ಒಳಗಿನದು ತಾನಾಗಿಯೇ ಜಾಗಕ್ಕೆ ಬಂದಿದ್ದರೆ ಅದಕ್ಕೂ ಸ್ಕ್ರೂ ಬೇಕೇ ಎಂದು ಎಡಿನ್‌ಬರೋದಲ್ಲೇ 154 ಜನರ ಮೇಲೆ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಒಂದು ವರ್ಷದ ನಂತರ ಸ್ಕ್ರೂ ಹಾಕಿದವರು ಹೆಚ್ಚು ಚೆನ್ನಾಗಿದ್ದರು ಎಂದು ಹೇಳಲು ಆಗಲಿಲ್ಲ. ಹಾಗೇ ಬಿಟ್ಟವರಲ್ಲಿ ಐದರಲ್ಲಿ ಒಬ್ಬರಿಗೆ ಎಕ್ಸ್‌ರೇಯಲ್ಲಿ ಮೂಳೆ ಪೂರ್ತಿ ಕೂಡಿರಲಿಲ್ಲ, ಆದರೆ ಅವರಲ್ಲಿ ಬಹಳ ಜನರಿಗೆ ಅದರಿಂದ ತೊಂದರೆಯೂ ಇರಲಿಲ್ಲ. ಈ ತೀರ್ಮಾನ ಥಿಯೇಟರಿನೊಳಗೆ, ಎಕ್ಸ್‌ರೇ ನೋಡುತ್ತ ಸರ್ಜನ್ ತೆಗೆದುಕೊಳ್ಳಬೇಕಾದದ್ದು. ನಾವು ಹೊರಗಿನಿಂದ ಒತ್ತಾಯಿಸುವಂಥದ್ದಲ್ಲ.

ಸ್ಕ್ರೂ ಮತ್ತು ದಾರ

ಮುರಿತ ಮೇಲ್ಮಟ್ಟದಲ್ಲಾಗಿ, ಎರಡು ಮೂಳೆಗಳನ್ನು ಕೂಡಿಸುವ ಅಸ್ಥಿರಜ್ಜುವೇ ಹರಿದಿದ್ದರೆ ಅವುಗಳನ್ನು ಮತ್ತೆ ಹತ್ತಿರಕ್ಕೆ ಹಿಡಿದಿಡಬೇಕು. ಅದಕ್ಕೆ ಎರಡು ಮೂಳೆಗೂ ಅಡ್ಡಲಾಗಿ ಒಂದೆರಡು ಸ್ಕ್ರೂ ಹಾಕಬಹುದು, ಇಲ್ಲವೇ ಎರಡು ಕಡೆ ಲೋಹದ ಗುಂಡಿ ಇರುವ ಗಟ್ಟಿ ದಾರವನ್ನು ಬಿಗಿಯಬಹುದು. ಸ್ಕ್ರೂ ಅಗ್ಗ. ದಾರ-ಗುಂಡಿಯ ಸಾಧನ ಬಹಳ ದುಬಾರಿ.

ನಾರ್ವೆಯಲ್ಲಿ 97 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಒಂದು ದಪ್ಪ ಸ್ಕ್ರೂಗೆ ಹೋಲಿಸಿದರೆ ದಾರ ಹಾಕಿದವರು ಎರಡು ವರ್ಷದ ನಂತರ ಹೆಚ್ಚು ಚೆನ್ನಾಗಿದ್ದರು. ಇದನ್ನು ಕೇಳಿದರೆ ದಾರವೇ ಮೇಲು ಎನಿಸುತ್ತದೆ. ಆದರೆ ಅದೇ ದೇಶದ ಇನ್ನೊಂದು ಅಧ್ಯಯನ 2020ರಲ್ಲಿ ದಾರವನ್ನು ಒಂದು ಸಣ್ಣ ಸ್ಕ್ರೂವಿನ ಜೊತೆ ಹೋಲಿಸಿದಾಗ ಎರಡು ವರ್ಷದ ಅಂಕಗಳಲ್ಲಿ ಅಂತರ ಕಾಣಲಿಲ್ಲ. ಸ್ಕ್ರೂ ಎಂದರೆ ಯಾವ ಸ್ಕ್ರೂ, ಹೇಗೆ ಹಾಕಿದ್ದು ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಖರ್ಚಿನ ಮಟ್ಟಿಗೆ ನಿರ್ಣಾಯಕವಾದದ್ದು ಇನ್ನೊಂದಿದೆ. ಈ ಅಡ್ಡ ಸ್ಕ್ರೂವನ್ನು ಎಲ್ಲರಿಗೂ ಎರಡು ಮೂರು ತಿಂಗಳಿಗೆ ತೆಗೆಯುವ ರೂಢಿ ಹಲವು ಆಸ್ಪತ್ರೆಗಳಲ್ಲಿದೆ. ಹಾಗೆ ತೆಗೆಯುವುದಾದರೆ ಎರಡನೇ ಆಪರೇಷನ್, ಮತ್ತೆ ಅರಿವಳಿಕೆ, ಮತ್ತೆ ರಜೆ. ಅಷ್ಟರಲ್ಲಿ ಅಗ್ಗದ ಸ್ಕ್ರೂ ದುಬಾರಿಯಾಗಿಬಿಡುತ್ತದೆ, ದಾರಕ್ಕೆ ಕೊಟ್ಟ ಹೆಚ್ಚಿನ ಹಣ ವಸೂಲಾದಂತೆಯೇ. ದಾರ ಮಾರುವವರು ಹಾಕುವ ಲೆಕ್ಕವೂ ಇದೇ. ಆದರೆ ಸ್ಕ್ರೂವನ್ನು ತೊಂದರೆ ಕೊಟ್ಟವರಿಗೆ ಮಾತ್ರ ತೆಗೆದರೆ? ನೆದರ್ಲೆಂಡ್ಸ್‌ನಲ್ಲಿ 197 ಜನರಲ್ಲಿ ಇದನ್ನೇ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದರು. ಬೇಕಾದವರಿಗೆ ಮಾತ್ರ ತೆಗೆದ ಗುಂಪು ವರ್ಷದ ಕೊನೆಗೆ ಎಲ್ಲರಿಗೂ ತೆಗೆದ ಗುಂಪಿಗಿಂತ ಹಿಂದೆ ಬೀಳಲಿಲ್ಲ. ಆ ಪದ್ಧತಿ ಇರುವಲ್ಲಿ ಸ್ಕ್ರೂವೇ ಅಗ್ಗ. ಹಾಗಾಗಿ "ಸ್ಕ್ರೂವೋ ದಾರವೋ?" ಎಂದು ಕೇಳುವ ಮೊದಲು "ನೀವು ಸ್ಕ್ರೂವನ್ನು ಎಲ್ಲರಿಗೂ ತೆಗೆಯುತ್ತೀರಾ?" ಎಂದು ಕೇಳಿ.

ತೆಗೆಸುವುದೋ ಬಿಡುವುದೋ

ಮೂಳೆ ಕೂಡಿದ ಮೇಲೆ ಪ್ಲೇಟನ್ನೂ ಸ್ಕ್ರೂಗಳನ್ನೂ ತೆಗೆಸಲೇಬೇಕು ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಮೈಯೊಳಗೆ ಲೋಹ ಇರಬಾರದು ಎಂಬ ಭಯ ಅರ್ಥವಾಗುವಂಥದ್ದೇ. ಆದರೆ ಆ ಲೋಹ ಮೈಯೊಳಗೆ ವರ್ಷಗಟ್ಟಲೆ ಇರಲೆಂದೇ ಮಾಡಿದ್ದು. ನೋವಿಲ್ಲ, ಚಪ್ಪಲಿ ಶೂಗಳಿಗೆ ತಾಗುವುದಿಲ್ಲ, ಕೀವಿಲ್ಲ ಎಂದಾದರೆ ವಯಸ್ಕರಲ್ಲಿ ಸುಮ್ಮನೆ ಬಿಡುವುದೇ ಸರಿ.

ತೆಗೆಯುವುದು ಸಣ್ಣ ಆಪರೇಷನ್ ಎಂಬ ಮಾತನ್ನೂ ಪೂರ್ತಿ ನಂಬಬೇಡಿ. ನೆದರ್ಲೆಂಡ್ಸ್‌ನಲ್ಲಿ ಮೊಣಕಾಲಿನ ಕೆಳಗಿನ ಇಂಪ್ಲಾಂಟ್ ತೆಗೆಸಿಕೊಂಡ ಸುಮಾರು 500 ಜನರ ಮೇಲೆ ನಡೆದ ಅಧ್ಯಯನ 2017ರಲ್ಲಿ ಬಂತು. ಆಪರೇಷನ್‌ಗೆ ಮೊದಲು ಆಂಟಿಬಯಾಟಿಕ್ ಕೊಟ್ಟವರಲ್ಲಿ 13.2% ಜನರಿಗೆ, ಕೊಡದವರಲ್ಲಿ 14.9% ಜನರಿಗೆ ಗಾಯದ ಸೋಂಕು ಆಯಿತು. ಆಂಟಿಬಯಾಟಿಕ್ ಹೆಚ್ಚು ನೆರವಾಗಲಿಲ್ಲ ಎನ್ನುವುದು ಆ ಅಧ್ಯಯನದ ಉತ್ತರ. ನಮ್ಮ ಲೆಕ್ಕಕ್ಕೆ ಬೇಕಾದದ್ದು ಅದರ ಹಿಂದಿರುವ ಸಂಗತಿ: ಹತ್ತಿರ ಹತ್ತಿರ ಏಳರಲ್ಲಿ ಒಬ್ಬರಿಗೆ ಸೋಂಕು. ನಿಜವಾದ ನೋವಿಗಾಗಿ ಆ ಅಪಾಯ ತೆಗೆದುಕೊಳ್ಳಬಹುದು, ಬರೀ ಸಮಾಧಾನಕ್ಕಾಗಿ ಬೇಡ.

ಊತ ಮತ್ತು ಹಾಸಿಗೆ ಬಾಡಿಗೆ

ಪಾದದ ಗಂಟು ಬಹಳ ಬೇಗ ಬಾತುಕೊಳ್ಳುತ್ತದೆ. ಬಾತ ಚರ್ಮದ ಮೇಲೆ ಗೀರು ಹಾಕಿದರೆ ಹೊಲಿಗೆ ಬಿಚ್ಚಿಕೊಳ್ಳುತ್ತದೆ, ನಂಜಾಗುತ್ತದೆ. ಅದಕ್ಕೇ ಸರ್ಜನ್ನರು ಊತ ಏರುವ ಮೊದಲ ಕೆಲವು ಗಂಟೆಗಳಲ್ಲೇ ಆಪರೇಷನ್ ಮುಗಿಸುತ್ತಾರೆ, ಇಲ್ಲವೇ ಚರ್ಮದ ಮೇಲೆ ಮತ್ತೆ ಸುಕ್ಕು ಕಾಣುವವರೆಗೆ ಒಂದು ವಾರ, ಕೆಲವೊಮ್ಮೆ ಎರಡು ವಾರ ಕಾಯುತ್ತಾರೆ. ಹಾಗೆ ಕಾಯುವುದು ಕಡೆಗಣನೆಯಲ್ಲ. ಆದರೆ ಆ ವಾರವನ್ನು ಎಲ್ಲಿ ಕಳೆಯುತ್ತೀರಿ ಎಂಬುದು ಬಿಲ್ಲನ್ನು ಬಹಳ ಬದಲಾಯಿಸುತ್ತದೆ. ಕೀಲು ಸರಿಯಾಗಿ ಕೂತಿದ್ದು, ಸ್ಲ್ಯಾಬ್ (ಅರ್ಧ ಪ್ಲಾಸ್ಟರ್) ಹಾಕಿದ್ದು, ಬೇರೆ ಕಾಯಿಲೆ ಇಲ್ಲದಿದ್ದರೆ ಬರೀ ಕಾಲು ಎತ್ತಿ ಮಲಗಲು ಆಸ್ಪತ್ರೆಯ ಹಾಸಿಗೆ ಬೇಕಿಲ್ಲ. ಮನೆಯಲ್ಲಿ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿ, ಹೇಳಿದ ದಿನ ಬಂದು ಸೇರಬಹುದು. ಮನೆಗೆ ಹೋಗಬಹುದೇ ಎಂದು ಕೇಳಲು ಸಂಕೋಚಪಡಬೇಡಿ. ಹಾಗೆಂದು ಹಣ ಹೊಂದಿಸಲೆಂದು ತಿಂಗಳು ತಳ್ಳಬೇಡಿ: ಮೂರು ವಾರ ದಾಟಿದರೆ ಮೂಳೆ ಸೊಟ್ಟಗೇ ಅಂಟತೊಡಗುತ್ತದೆ, ಅದನ್ನು ಬಿಡಿಸಿ ಕೂರಿಸುವ ಆಪರೇಷನ್ ಉದ್ದವಾಗುತ್ತದೆ, ಖರ್ಚೂ ಏರುತ್ತದೆ.

ಆಮೇಲಿನ ಆರು ವಾರ

ಸಂಬಳ ಕಳೆದುಕೊಳ್ಳುವವರ ಪಾಲಿಗೆ ನಿಜವಾದ ಹಣ ಇಲ್ಲಿದೆ. ಆಪರೇಷನ್ ಆದ ಮೇಲೆ 6 ವಾರ ಕಾಲು ನೆಲಕ್ಕೆ ಮುಟ್ಟಿಸಬಾರದು ಎನ್ನುವುದು ಹಳೆಯ ಕಟ್ಟಳೆ. ಬ್ರಿಟನ್ನಿನ 480 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ 2 ವಾರಕ್ಕೇ ಭಾರ ಹಾಕಲು ಬಿಟ್ಟವರನ್ನೂ 6 ವಾರ ಕಾದವರನ್ನೂ ಹೋಲಿಸಿತು. ನಾಲ್ಕು ತಿಂಗಳಿಗೆ ಬೇಗ ಕಾಲೂರಿದವರಿಗೆ 100ಕ್ಕೆ 65.9 ಅಂಕ, ಕಾದವರಿಗೆ 61.2. ತೊಡಕು ಹೆಚ್ಚಲಿಲ್ಲ, ಖರ್ಚೂ ಹೆಚ್ಚಲಿಲ್ಲ. ಒಂದೇ ಒಂದು ಹೆಚ್ಚುವರಿ ವಸ್ತು ಕೊಳ್ಳದೆ ನಾಲ್ಕು ವಾರ ಮೊದಲೇ ಕಾಲೂರುವುದು ಎಂದರೆ, ದಿನಗೂಲಿಯವರಿಗೆ, ಅಂಗಡಿ ನಡೆಸುವವರಿಗೆ ಅದರ ಬೆಲೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಈ ಇಡೀ ಬರಹದಲ್ಲಿ ನೀವು ಒಂದೇ ಒಂದು ಪ್ರಶ್ನೆ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ: "ಎರಡು ವಾರಕ್ಕೆ ಕಾಲೂರಬಹುದೇ? ಆಗದಿದ್ದರೆ ನನ್ನ ಮುರಿತದಲ್ಲಿ ಅಂಥದ್ದೇನಿದೆ?" ಅಸ್ಥಿರಜ್ಜು ಹರಿದು ಅಡ್ಡ ಸ್ಕ್ರೂ ಹಾಕಿದ್ದರೆ, ಮೂಳೆ ತೀರ ಪುಡಿಯಾಗಿದ್ದರೆ, ಪಾದದಲ್ಲಿ ಸ್ಪರ್ಶವೇ ಇಲ್ಲದಿದ್ದರೆ ಕಾಯಲು ಕಾರಣವಿರುತ್ತದೆ. ಸರ್ಜನ್ ಬೇಡವೆಂದರೆ ಕೇಳದೆ ಕಾಲೂರಬೇಡಿ.

ಪ್ಲಾಸ್ಟರೋ ಬಿಚ್ಚಿ ಹಾಕುವ ಬೂಟೋ ಎಂಬ ಪ್ರಶ್ನೆಗೆ ಉತ್ತರ ಸರಳ. 669 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನದಲ್ಲಿ 16 ವಾರಕ್ಕೆ ಎರಡರಲ್ಲೂ ನಡಿಗೆ ಒಂದೇ. ಸ್ನಾನಕ್ಕೆ, ಪಾದ ಆಡಿಸಲು ಬೂಟು ಅನುಕೂಲ. ಕೈಯಲ್ಲಿ ಹಣವಿಲ್ಲದಿದ್ದರೆ ಪ್ಲಾಸ್ಟರಿನಿಂದ ನಷ್ಟವಿಲ್ಲ.

ಫಿಸಿಯೋಥೆರಪಿಗೆ ವಾರವಾರ ಹೋಗಲೇಬೇಕೇ? ಆಸ್ಟ್ರೇಲಿಯಾದಲ್ಲಿ 214 ಜನರ ಮೇಲೆ ನಡೆದ 2015ರ ಅಧ್ಯಯನ ಪ್ಲಾಸ್ಟರ್ ಬಿಚ್ಚಿದ ಮೇಲೆ ಮೇಲ್ವಿಚಾರಣೆಯ ವ್ಯಾಯಾಮವನ್ನು ಒಮ್ಮೆ ಕೊಟ್ಟ ಸಲಹೆಯ ಜೊತೆ ಹೋಲಿಸಿತು. ಹೆಚ್ಚುವರಿ ಲಾಭ ಸಿಗಲಿಲ್ಲ. ಅಂದರೆ ವ್ಯಾಯಾಮ ಬೇಡವೆಂದಲ್ಲ. ಒಂದು ಸಲ ಹೋಗಿ ಚೆನ್ನಾಗಿ ಕಲಿತುಬಂದು ಮನೆಯಲ್ಲಿ ದಿನವೂ ತಪ್ಪದೆ ಮಾಡುವವರಿಗೆ ಹತ್ತು ಸಲದ ಶುಲ್ಕ ಬೇಕಾಗುವುದಿಲ್ಲ. ಪಾದ ಬಿಗಿದುಹೋದವರಿಗೆ, ಬೀಳುವ ಭಯವಿರುವ ವಯಸ್ಸಾದವರಿಗೆ ಕೈಹಿಡಿದು ನಡೆಸುವವರು ಬೇಕು, ಅಲ್ಲಿ ಉಳಿಸಬೇಡಿ.

ರಕ್ತ ಹೆಪ್ಪುಗಟ್ಟದಿರಲು ಹೊಟ್ಟೆಗೆ ಚುಚ್ಚುವ ಇಂಜೆಕ್ಷನ್ ವಾರಗಟ್ಟಲೆ ಬರೆದಾಗ ಅದೂ ದೊಡ್ಡ ಮೊತ್ತ. ಕೈಕಾಲು ಮುರಿದು ಆಪರೇಷನ್ ಆದವರು ಮತ್ತು ಸೊಂಟದ ಗೂಡಿನ ಮುರಿತದವರು ಸೇರಿ 12,211 ಜನರಲ್ಲಿ ಅದನ್ನು ಆಸ್ಪಿರಿನ್ ಮಾತ್ರೆಯ ಜೊತೆ ಹೋಲಿಸಿದ ಅಧ್ಯಯನ 2023ರಲ್ಲಿ ಬಂತು. 90 ದಿನದೊಳಗಿನ ಸಾವಿನಲ್ಲಿ ಆಸ್ಪಿರಿನ್ ಹಿಂದೆ ಬೀಳಲಿಲ್ಲ. ಕಾಲಿನ ನಾಳದಲ್ಲಿ ಹೆಪ್ಪುಗಟ್ಟುವುದು ಮಾತ್ರ ಸ್ವಲ್ಪ ಹೆಚ್ಚಿತ್ತು. ಹಿಂದೆ ಹೆಪ್ಪುಗಟ್ಟಿದ ಇತಿಹಾಸ ಇಲ್ಲದವರು ಮಾತ್ರೆ ಸಾಕೇ ಎಂದು ವೈದ್ಯರನ್ನು ಕೇಳಬಹುದು.

ಕಾರು ಓಡಿಸಿ ಬದುಕುವವರು ಇನ್ನೊಂದು ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಕು. ಬಲಗಾಲಿನ ಗಂಟಿನ ಆಪರೇಷನ್ ಆದವರು ಬ್ರೇಕ್ ಒತ್ತುವ ವೇಗ ಸಾಮಾನ್ಯ ಮಟ್ಟಕ್ಕೆ ಬರಲು 9 ವಾರ ಹಿಡಿಯಿತು ಎಂದು 2003ರ ಅಧ್ಯಯನವೊಂದು ಕಂಡುಕೊಂಡಿತು. ಬಿಲ್ಲಿನಲ್ಲಿ ಈ 9 ವಾರ ಎಲ್ಲೂ ಇರುವುದಿಲ್ಲ. ವಿಮೆ ಇದ್ದವರೂ ಪಾಲಿಸಿ ತೆರೆದು ನೋಡಿ: ಆಸ್ಪತ್ರೆಯ ಬಿಲ್ಲು ಕೊಡುವ ಎಲ್ಲ ವಿಮೆಯೂ ಕೈತಪ್ಪಿದ ಸಂಬಳ ಕೊಡುವುದಿಲ್ಲ.

ಸಕ್ಕರೆ ಕಾಯಿಲೆ, ಸಿಗರೇಟು

ಇಲ್ಲಿಯವರೆಗಿನ ಅಂಕಿಗಳೆಲ್ಲ ಈ ಎರಡರ ಮುಂದೆ ಬದಲಾಗುತ್ತವೆ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದದ ಸ್ಪರ್ಶವೇ ಮಂಕಾದವರಲ್ಲಿ ಮೂಳೆ ನಿಧಾನ ಕೂಡುತ್ತದೆ, ನೋವು ಗೊತ್ತಾಗದೆ ಕಾಲೂರಿಬಿಡುತ್ತಾರೆ, ಕೀಲು ಕುಸಿಯುತ್ತದೆ. ಅವರಿಗೆ ಹೆಚ್ಚು ಗಟ್ಟಿಯಾದ, ಹೆಚ್ಚು ಸ್ಕ್ರೂಗಳ ಜೋಡಣೆಯೂ ಸುಮಾರು ಎರಡು ಪಟ್ಟು ದೀರ್ಘ ವಿಶ್ರಾಂತಿಯೂ ಬೇಕಾಗುತ್ತದೆ. ಅಲ್ಲಿ ಅಗ್ಗದ ದಾರಿ ಹುಡುಕುವುದು ಅಪಾಯ, ಏಕೆಂದರೆ ನಂಜು ಮೂಳೆಗಿಳಿದರೆ ಕಾಲೇ ಹೋಗಬಹುದು. ಸಿಗರೇಟು ಸೇದುವವರ ಗಾಯ ನಂಜಾಗುವುದೂ ಹೆಚ್ಚು, ಮೂಳೆ ಕೂಡುವುದೂ ನಿಧಾನ. ಮುರಿದ ದಿನವೇ ಸಿಗರೇಟು ಬಿಡುವುದು ಮತ್ತು ಸಕ್ಕರೆಯನ್ನು ಹತೋಟಿಗೆ ತರುವುದು, ಈ ಎರಡಕ್ಕೆ ಯಾವ ಆಸ್ಪತ್ರೆಯೂ ಶುಲ್ಕ ಹಾಕುವುದಿಲ್ಲ.

ಇನ್ನು ಚೀಟಿಗೆ ಮರಳಿ. ಅದರ ಹಿಂಬದಿಯಲ್ಲಿ ನಿಮ್ಮದೇ ಇನ್ನೊಂದು ಪಟ್ಟಿ ಬರೆಯಿರಿ. ಪ್ರತಿ ಆಯ್ಕೆಯ ಎದುರು: ಎಷ್ಟು ದಿನ ಆಸ್ಪತ್ರೆ, ಎಷ್ಟು ವಾರ ಕಾಲೂರುವಂತಿಲ್ಲ, ಆ ವಾರಗಳಲ್ಲಿ ಯಾರ ಯಾರ ದುಡಿಮೆ ನಿಲ್ಲುತ್ತದೆ, ಎಷ್ಟು ಸಲ ತೋರಿಸಲು ಬರಬೇಕು, ಎರಡನೇ ಆಪರೇಷನ್ ಖಂಡಿತವೇ, ಇರಬಹುದೇ, ಇಲ್ಲವೇ. ಈ ಐದು ಸಾಲಿಗೆ ಉತ್ತರ ಕೊಡಲು ವೈದ್ಯರಿಗೆ ಹತ್ತು ನಿಮಿಷ ಸಾಕು. ಎರಡು ಆಸ್ಪತ್ರೆಗಳ ಅಂದಾಜನ್ನು ಹೋಲಿಸುವಾಗಲೂ ಇಂಪ್ಲಾಂಟ್, ಅರಿವಳಿಕೆ, ಆಮೇಲಿನ ಡ್ರೆಸ್ಸಿಂಗ್ ಮತ್ತು ಎಕ್ಸ್‌ರೇ ಒಳಗೊಂಡಿವೆಯೇ ಎಂದು ಕೇಳಿ. ಒಂದರಲ್ಲಿ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಹೋಲಿಕೆಯೇ ಸುಳ್ಳಾಗುತ್ತದೆ.

ಡಿಸ್ಚಾರ್ಜ್ ಆಗುವ ದಿನ ಆಪರೇಷನ್ ಟಿಪ್ಪಣಿಯ ಪ್ರತಿ ಮತ್ತು ಇಂಪ್ಲಾಂಟ್ ಪೊಟ್ಟಣದ ಸ್ಟಿಕ್ಕರ್‌ಗಳನ್ನು ಕೇಳಿ ಪಡೆಯಿರಿ. ಒಂದೊಂದು ತಯಾರಿಕೆಯ ಸ್ಕ್ರೂವಿನ ತಲೆಗೆ ಒಂದೊಂದು ಬಗೆಯ ಡ್ರೈವರ್ ಬೇಕು. ಐದು ವರ್ಷದ ನಂತರ ಬೇರೆ ಊರಿನಲ್ಲಿ, ಬೇರೆ ಸರ್ಜನ್ ಆ ಸ್ಕ್ರೂ ತೆಗೆಯಬೇಕಾಗಿ ಬಂದರೆ, ಯಾವ ಡ್ರೈವರ್ ತರಿಸಬೇಕೆಂದು ಅವರಿಗೆ ಹೇಳುವುದು ಆ ಸ್ಟಿಕ್ಕರ್ ಒಂದೇ. ಅದಿಲ್ಲದೆ ಅರ್ಧ ಗಂಟೆಯ ಕೆಲಸ ಎರಡು ಗಂಟೆಗೆ ಎಳೆಯಬಹುದು.